ಬೆಂಗಳೂರಿಗಿಂತ ಮೊದಲು ಟಿ.ವಿ. ಕಂಡ ಸೀಮೆ

ಟಿ.ವಿ. ಮೊದಲು ಬೆಂಗಳೂರಿಗೆ ಬಂತು, ಅಲ್ಲಿಂದ ಒಂದೊಂದೇ ಊರಿಗೆ ಹಬ್ಬುತ್ತ ಹಬ್ಬುತ್ತ ಕಡೆಗೊಮ್ಮೆ ನಮ್ಮ ಕಡೆಗೂ ಬಂತು ಎಂದು ನಮ್ಮೂರ ಹುಡುಗರು ತಿಳಿದಿದ್ದಾರೆ. ಹಾಗೆ ತಿಳಿದರೆ ಅವರನ್ನು ಅನ್ನುವಂತಿಲ್ಲ. ಡಾಂಬರು ರಸ್ತೆ, ನಲ್ಲಿ ನೀರು, ಕಾಲೇಜು, ದವಾಖಾನೆ ಎಲ್ಲವೂ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಕೊನೆಯ ಪಾಳಿಯಲ್ಲೇ ಬಂದಿವೆ. ಟಿ.ವಿ.ಯ ಮಾತು ಮಾತ್ರ ಬೇರೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ಅಂದಿನ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕನ್ನಡ ಮಾತಾಡುವ ಟಿ.ವಿ. ಪೆಟ್ಟಿಗೆಗಳು ಬೆಳಗಿದವು. ರಾಜಧಾನಿಯಲ್ಲಿ ದುಡ್ಡಿದ್ದವರ ಮನೆಯಲ್ಲೂ ಇಲ್ಲದ್ದು ನಮ್ಮ ಹಳ್ಳಿಯ ಸಾಲಿಗಳಲ್ಲಿ ಇತ್ತು.

ಹೆಮ್ಮೆಪಟ್ಟು ಸುಮ್ಮನಾಗುವುದಕ್ಕೆ ಇದನ್ನು ಹೇಳುತ್ತಿಲ್ಲ. ಕಲಬುರಗಿಯ ದೂರದರ್ಶನ ಕೇಂದ್ರ ಯಾರಿಗಾಗಿ ಹುಟ್ಟಿತು ಎಂಬುದು ಆ ದಿನಾಂಕದಲ್ಲೇ ಇದೆ. ದಿಲ್ಲಿ, ಮುಂಬಯಿ, ಮದರಾಸಿನಲ್ಲಿ ಟಿ.ವಿ. ಪಟ್ಟಣದವರಿಗಾಗಿ ಬಂತು. ಇಲ್ಲಿ ಅದು ಹಳ್ಳಿಗಾಗಿಯೇ ಬಂತು, ಪಟ್ಟಣ ಆಮೇಲೆ ಕೂಡಿಕೊಂಡಿತು. ನಾನು ಆಳಂದ ತಾಲ್ಲೂಕಿನ ನರೋಣಾ ಕಡೆಯವನು. ಆ ಕೇಂದ್ರದ ಕಥೆ, ಮತ್ತು ಅದು ಇನ್ನೂ ಮಾಡಬೇಕಾದ ಕೆಲಸ, ಇವೆರಡೇ ನನ್ನ ಇಂದಿನ ಮಾತು.

ಈ ಕಥೆಯ ಬೇರು ಬಾಹ್ಯಾಕಾಶ ವಿಜ್ಞಾನಿ ವಿಕ್ರಮ ಸಾರಾಭಾಯಿ ಅವರ ಒಂದು ವಾದದಲ್ಲಿದೆ. ಬೇರೆ ದೇಶಗಳಲ್ಲಿ ಟಿ.ವಿ. ಮೊದಲು ದೊಡ್ಡ ಪಟ್ಟಣ, ಆಮೇಲೆ ಸಣ್ಣ ಪಟ್ಟಣ, ಕೊನೆಗೆ ಹಳ್ಳಿ ಎಂದು ಮೆಟ್ಟಿಲು ಇಳಿದು ಬಂದಿದೆ. ನೆಲದ ಮೇಲೆ ಗೋಪುರ ಕಟ್ಟುತ್ತಾ ಹೋದರೆ ಅದೇ ದಾರಿ. ಆದರೆ ಆಕಾಶದಲ್ಲಿ ನಿಂತ ಉಪಗ್ರಹಕ್ಕೆ ಬೆಂಗಳೂರೂ ಅಷ್ಟೇ ದೂರ, ಅಫಜಲಪುರವೂ ಅಷ್ಟೇ ದೂರ. ಹಾಗಿದ್ದ ಮೇಲೆ ಎಲ್ಲರಿಗಿಂತ ಹಿಂದುಳಿದ ಹಳ್ಳಿಯಿಂದಲೇ ಯಾಕೆ ಶುರು ಮಾಡಬಾರದು? 1969ರ ಸೆಪ್ಟೆಂಬರಿನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು: ನಾಸಾ ತನ್ನ ಉಪಗ್ರಹವೊಂದನ್ನು ಒಂದು ವರ್ಷ ನಮಗೆ ಬಿಟ್ಟುಕೊಡಬೇಕು, ಕಾರ್ಯಕ್ರಮ, ಟಿ.ವಿ. ಪೆಟ್ಟಿಗೆ, ಹಳ್ಳಿಯ ವ್ಯವಸ್ಥೆ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ಸಾರಾಭಾಯಿ ಅದನ್ನು ಕಣ್ಣಾರೆ ಕಾಣಲಿಲ್ಲ. 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಯಶ್ ಪಾಲ್, ಇ.ವಿ. ಚಿಟ್ನಿಸ್ ಮೊದಲಾದ ಇಸ್ರೊ ವಿಜ್ಞಾನಿಗಳು ಅಹಮದಾಬಾದಿನಿಂದ ಕೆಲಸವನ್ನು ಮುಂದಕ್ಕೆ ಒಯ್ದರು.

ಆ ಉಪಗ್ರಹದ ಹೆಸರು ಎ.ಟಿ.ಎಸ್.-6. 1974ರ ಮೇ ತಿಂಗಳಲ್ಲಿ ಹಾರಿದ್ದು. ಒಂದು ವರ್ಷ ಅಮೆರಿಕದ ಕೆಲಸ ಮುಗಿಸಿಕೊಂಡು, ಆಫ್ರಿಕದ ಪೂರ್ವಕ್ಕೆ ಕೀನ್ಯಾ ದೇಶದ ಮೇಲಿನ ಆಕಾಶಕ್ಕೆ ಸರಿದು ನಿಂತಿತು. ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರ. ಅದರ ಬೆನ್ನ ಮೇಲೆ 9 ಮೀಟರ್ ಅಗಲದ, ಆಕಾಶಕ್ಕೆ ಹೋದ ಮೇಲೆ ಬಿಚ್ಚಿಕೊಂಡ ಆಂಟೆನಾ ಇತ್ತು. ಆ ಆಂಟೆನಾ ಅಷ್ಟು ದೊಡ್ಡದಿದ್ದುದರಿಂದಲೇ ಹಳ್ಳಿಯಲ್ಲಿನ ಸಾಮಾನು ಚಿಕ್ಕದಾಗಿ, ಅಗ್ಗವಾಗಿ ಮುಗಿಯಿತು. ಪ್ರಯೋಗಕ್ಕೆ ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ‘ಸೈಟ್’ ಎಂದು ಕರೆದರು. ಕರ್ನಾಟಕ, ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ: ಈ ಆರು ರಾಜ್ಯಗಳಲ್ಲಿ ತಲಾ 400ರ ಲೆಕ್ಕದಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ಆರಿಸುವಾಗ ಹಿಡಿದ ಮುಖ್ಯ ಅಳತೆಗೋಲು ಹಿಂದುಳಿದಿರುವಿಕೆ. ಕರ್ನಾಟಕದಲ್ಲಿ ಹುಡುಕಿದಾಗ ಬೆರಳು ಬಂದು ನಿಂತದ್ದು ನಮ್ಮ ಮೂರು ಜಿಲ್ಲೆಗಳ ಮೇಲೆ. ಹಿಂದುಳಿದವರೆಂಬ ಹಣೆಪಟ್ಟಿಯಿಂದ ನಮಗೆ ಒಂದು ಒಳ್ಳೆಯದು ಎಲ್ಲರಿಗಿಂತ ಮೊದಲು ಸಿಕ್ಕ ಪ್ರಸಂಗ ಬಹುಶಃ ಅದೊಂದೇ.

ಹಳ್ಳಿಗೆ ಬಂದ ಸಾಮಾನು ಹೇಗಿತ್ತು ಎಂದು ಇವತ್ತಿನವರಿಗೆ ಹೇಳಬೇಕು. ಸಾಲಿ ಅಥವಾ ಪಂಚಾಯಿತಿ ಕಟ್ಟಡಕ್ಕೆ ಒಂದು ಆಂಟೆನಾ. ಮೂರು ಮೀಟರ್ ಅಗಲ, ಅಂದರೆ ಹತ್ತು ಅಡಿ, ಒಬ್ಬ ಆಳು ಉದ್ದಕ್ಕೆ ಮಲಗಿದರೂ ಮುಗಿಯುತ್ತಿರಲಿಲ್ಲ. ಚೌಕಟ್ಟಿನ ಮೇಲೆ ಬಿಗಿದದ್ದು ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಳಿಗೆ. ಉಪಗ್ರಹದಿಂದ ಬರುವ ಅಲೆಯ ಉದ್ದಕ್ಕೆ ಹೋಲಿಸಿದರೆ ಜಾಳಿಗೆಯ ಕಣ್ಣು ಬಹಳ ಸಣ್ಣದಾದ್ದರಿಂದ, ತಗಡಿನ ತಟ್ಟೆಯ ಹಾಗೆಯೇ ಅದು ಅಲೆಯನ್ನು ಹಿಡಿದು ನಡುವಿಗೆ ಕೂಡಿಸುತ್ತಿತ್ತು. ಗಾಳಿ ಮಾತ್ರ ತಡೆಯಿಲ್ಲದೆ ಹಾದುಹೋಗುತ್ತಿತ್ತು. ನಮ್ಮ ಬಯಲು ಸೀಮೆಯ ಗಾಳಿ ಬಲ್ಲವರಿಗೆ ಆ ಜಾಳಿಗೆಯ ಜಾಣತನ ಗೊತ್ತಾಗುತ್ತದೆ. ಉಪಗ್ರಹ ಆಫ್ರಿಕದ ಮೇಲಿದ್ದುದರಿಂದ ಜಾಳಿಗೆಯ ಮುಖ ಪಡುವಣಕ್ಕೆ, ತುಸು ತೆಂಕಣಕ್ಕೆ ಓರೆಯಾಗಿ ಇರುತ್ತಿತ್ತು. ಇಂದು ನಮ್ಮ ಮಾಳಿಗೆಗಳ ಮೇಲಿರುವ ಫ್ರೀ ಡಿಶ್ ತಟ್ಟೆಗಳು ನೋಡುವುದು ಅದಕ್ಕೆ ತೀರ ಬೇರೆಯಾದ ದಿಕ್ಕಿಗೆ, ಆಗ್ನೇಯಕ್ಕೆ. ಟಿ.ವಿ. ಪೆಟ್ಟಿಗೆಗಳನ್ನು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆ ಮಾಡಿಕೊಟ್ಟಿತು. ಕಪ್ಪು ಬಿಳುಪು ಚಿತ್ರ. ಪೆಟ್ಟಿಗೆಯ ಜವಾಬ್ದಾರಿ ಹೆಚ್ಚಾಗಿ ಸಾಲಿಯ ಮಾಸ್ತರರದ್ದು: ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯಬೇಕು, ಹಚ್ಚಬೇಕು, ಮುಗಿದ ಮೇಲೆ ಆರಿಸಿ ಕೀಲಿ ಹಾಕಬೇಕು.

ದಿನಕ್ಕೆ ನಾಲ್ಕು ತಾಸು ಪ್ರಸಾರ. ಮುಂಜಾನೆ ಒಂದೂವರೆ ತಾಸು ಸಾಲಿ ಮಕ್ಕಳಿಗೆ. ಅದರಲ್ಲಿ ಹಿಂದಿ, ಕನ್ನಡ, ತೆಲುಗು, ಒಡಿಯಾ ನಾಲ್ಕಕ್ಕೂ ತಲಾ ಇಪ್ಪತ್ತೆರಡೂವರೆ ನಿಮಿಷ. ಸಂಜೆ ಎರಡೂವರೆ ತಾಸು ದೊಡ್ಡವರಿಗೆ: ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ, ಜತೆಗೆ ದಿಲ್ಲಿಯಿಂದ ಎಲ್ಲರಿಗೂ ಒಂದೇ ಆದ ಅರ್ಧ ತಾಸು ಹಿಂದಿ. ಅದು ತುರ್ತು ಪರಿಸ್ಥಿತಿಯ ಕಾಲ ಎಂಬುದನ್ನೂ ಮರೆಯಬಾರದು. ದಿಲ್ಲಿಯ ಆ ಅರ್ಧ ತಾಸಿನಲ್ಲಿ ಯಾರ ಮಾತು ಕೇಳುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಉಪಗ್ರಹಕ್ಕೆ ಒಂದು ಚಿತ್ರ, ಎರಡು ಧ್ವನಿ ಕಳಿಸುವ ಸೌಕರ್ಯವಿತ್ತು. ಆದ್ದರಿಂದ ಒಂದೇ ಚಿತ್ರವನ್ನು ನಮ್ಮ ಹಳ್ಳಿಗೆ ಕನ್ನಡದಲ್ಲಿ, ಗಡಿಯಾಚೆಯ ಹಳ್ಳಿಗೆ ತೆಲುಗಿನಲ್ಲಿ ಕೇಳಿಸಲು ಬರುತ್ತಿತ್ತು.

ಮೊದಮೊದಲು ಒಂದೊಂದು ಪೆಟ್ಟಿಗೆಯ ಮುಂದೆ ನೂರಾರು ಮಂದಿ. ಹೊಸತನ ಕಳೆದ ಮೇಲೆ ಗುಂಪು ಕರಗಿತು, ಆದರೂ ಸರಾಸರಿ ನೂರರ ಹತ್ತಿರ ನಿಂತಿತು ಎಂದು ಆಗಿನ ಅಧ್ಯಯನಗಳು ಹೇಳಿವೆ. ಒಂದು ಪೆಟ್ಟಿಗೆಗೆ ನೂರು ಮಂದಿ! ಆ ಅಧ್ಯಯನಗಳನ್ನು ಇವತ್ತಿಗೂ ಓದಬೇಕು. ಇಸ್ರೊ ಸಮಾಜವಿಜ್ಞಾನಿಗಳನ್ನು ಹಳ್ಳಿಗಳಿಗೆ ಕಳಿಸಿ, ಅಲ್ಲೇ ಉಳಿಸಿ, ಜನ ಏನು ನೋಡುತ್ತಾರೆ, ಏನು ಹೇಳಿಕೊಳ್ಳುತ್ತಾರೆ ಎಂದು ಬರೆಸಿತು. ರಾಕೆಟ್ ಮಾಡುವವರು ಮನುಷ್ಯರ ಮಾತು ಕೇಳಲು ಇಷ್ಟು ತಾಳ್ಮೆ ತೋರಿಸಿದ್ದನ್ನು ನಾನು ಬಹಳ ದೊಡ್ಡದು ಎಂದೇ ಭಾವಿಸುತ್ತೇನೆ. ಅವರಿಗೆ ತಿಳಿದುಬಂದದ್ದು ಇದು: ಆರೋಗ್ಯ, ಶುಚಿತ್ವದ ತಿಳಿವಳಿಕೆ ಹೆಚ್ಚಿತು. ಓದು ಬಲ್ಲವರಿಗಿಂತ ಓದು ಬರದವರು ಹೆಚ್ಚು ಪಡೆದುಕೊಂಡರು, ಗಂಡಸರಿಗಿಂತ ಹೆಂಗಸರು ಹೆಚ್ಚು. ಸಾಲಿ ಬಿಡುವ ಮಕ್ಕಳ ಸಂಖ್ಯೆ ಮಾತ್ರ ಟಿ.ವಿ.ಯಿಂದ ಇಳಿಯಲಿಲ್ಲ. ಒಕ್ಕಲುತನದಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಈ ಕೊನೆಯ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಹೆಂಗಸರಿಗೆ ಆರೋಗ್ಯದ ಮಾತು ಹಿಡಿಸಿತು, ರೈತನಿಗೆ ಬೇಸಾಯದ ಮಾತು ಹಿಡಿಸಲಿಲ್ಲ. ಯಾಕೆ? ಮಕ್ಕಳ ವಾಂತಿಭೇದಿ ಆಳಂದದಲ್ಲೂ ಅದೇ, ಸಿಂಧನೂರಿನಲ್ಲೂ ಅದೇ. ಬೇಸಾಯ ಹಾಗಲ್ಲ. ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಭತ್ತದ ಗದ್ದೆಗಳಾಗಿದ್ದವು. ನಮ್ಮದು ಮಳೆ ನಂಬಿದ ಎರೆ ನೆಲ: ತೊಗರಿ, ಬಿಳಿಜೋಳ, ಕಡಲೆ, ಕುಸುಬಿ. ಮೂರು ಜಿಲ್ಲೆಗೂ ಒಂದೇ ಕಾರ್ಯಕ್ರಮ ಮಾಡಿದರೆ ಯಾರೋ ಒಬ್ಬರ ಹೊಲಕ್ಕೆ ಅದು ಸಲ್ಲುವುದಿಲ್ಲ. ಮೇಲಾಗಿ ನಮ್ಮ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಇಲ್ಲಿ ಅಲ್ಲ, ಹೈದರಾಬಾದಿನಲ್ಲಿ. ಕನ್ನಡ, ತೆಲುಗು ಎರಡಕ್ಕೂ ಅಲ್ಲಿ ಒಂದೇ ತಯಾರಿಕಾ ಕೇಂದ್ರ. 1948ರ ತನಕ ನಿಜಾಮರ ಹೈದರಾಬಾದಿಗೆ ಸೇರಿದ್ದು 1956ರಲ್ಲಿ ಕನ್ನಡನಾಡಿಗೆ ಕೂಡಿದ ಸೀಮೆ ನಮ್ಮದು. ಇಪ್ಪತ್ತು ವರ್ಷದ ಬಳಿಕ ನಮ್ಮ ಮನೆ ಹೊಲದ ಮಾತು ಮತ್ತೆ ಅದೇ ಹೈದರಾಬಾದಿನಿಂದ ಬರಬೇಕಾಯಿತು. ಅಲ್ಲಿ ದುಡಿದವರು ಶ್ರದ್ಧೆಯಿಂದಲೇ ದುಡಿದರು. ಆದರೆ ಮಗಿ ಮಳೆ ಕೈಕೊಟ್ಟ ವರ್ಷ ನರೋಣಾದ ಕಟ್ಟೆಯ ಮೇಲೆ ಕೂತವರು ಒಬ್ಬರಿಗೊಬ್ಬರು ಏನು ಕೇಳುತ್ತಾರೆ ಎಂಬುದು ಅಷ್ಟು ದೂರದ ಸ್ಟುಡಿಯೋಗೆ ಕೇಳಿಸುವುದಿಲ್ಲ.

1976ರ ಜುಲೈ 31ಕ್ಕೆ ಒಪ್ಪಂದದ ವರ್ಷ ಮುಗಿಯಿತು. ನಾಸಾ ತನ್ನ ಉಪಗ್ರಹವನ್ನು ಅಮೆರಿಕದ ಕಡೆಗೆ ಸರಿಸಿಕೊಂಡಿತು. ಹಳ್ಳಿಗಳಲ್ಲಿ ಪೆಟ್ಟಿಗೆ ಇತ್ತು, ಜಾಳಿಗೆ ಇತ್ತು, ಬರುವ ಚಿತ್ರ ಇರಲಿಲ್ಲ. ಒಂದು ವರ್ಷ ಕೊಟ್ಟು ಕಿತ್ತುಕೊಂಡಂತಾಗಬಾರದೆಂದು ಸರ್ಕಾರ ನೆಲದ ಮೇಲೆ ಗೋಪುರ ಕಟ್ಟುವ ದಾರಿ ಹಿಡಿಯಿತು. ಜೈಪುರ, ರಾಯಪುರ, ಮುಜಫರಪುರ, ಸಂಬಲಪುರ, ಹೈದರಾಬಾದ್, ಮತ್ತು ಕರ್ನಾಟಕದ ಪಾಲಿಗೆ ಗುಲಬರ್ಗಾ. ಸೈಟ್ ನೋಡಿದ ಹಳ್ಳಿಗಳಲ್ಲಿ ಸುಮಾರು ಶೇಕಡಾ 40ನ್ನಾದರೂ ಇವುಗಳಿಂದ ಮುಟ್ಟಬೇಕೆಂಬುದು ಗುರಿ. ಹೀಗೆ 1977ರಲ್ಲಿ ಗುಲಬರ್ಗಾ ದೂರದರ್ಶನದ ಪ್ರಸಾರ ಕೇಂದ್ರ ಶುರುವಾಯಿತು. ಕರ್ನಾಟಕದ ನೆಲದ ಮೇಲೆ ಎದ್ದ ಮೊದಲ ಟಿ.ವಿ. ಗೋಪುರ ಅದು. ಕಲಬುರಗಿ ಆಕಾಶವಾಣಿ ಶುರುವಾಗಿ ಆಗ ಹನ್ನೊಂದು ವರ್ಷ. ಆಕಾಶವಾಣಿಗೆ ಇಲ್ಲೇ ಸ್ಟುಡಿಯೋ, ಇಲ್ಲಿನದೇ ಬಾಯಿ. ಟಿ.ವಿ.ಗೆ ಮೊದಲ ದಿನಗಳಲ್ಲಿ ಗೋಪುರ ಇಲ್ಲಿ, ಬಾಯಿ ಹೈದರಾಬಾದಿನಲ್ಲಿ. ಅಲ್ಲಿ ಮಾಡಿದ ಕಾರ್ಯಕ್ರಮಗಳ ಟೇಪುಗಳು ಇಲ್ಲಿಗೆ ಬಂದು, ಇಲ್ಲಿಂದ ಪ್ರಸಾರವಾಗುತ್ತಿದ್ದವು.

ಗೋಪುರದ ಟಿ.ವಿ.ಗೆ ಒಂದು ಮಿತಿ ಇತ್ತು. ಆ ಅಲೆ ನೇರಕ್ಕೆ ಹೋಗುವಂಥದ್ದು, ನೆಲದ ಬಾಗನ್ನು ಅನುಸರಿಸಿ ಬಾಗುವುದಿಲ್ಲ. ಕಲಬುರಗಿ ಪಟ್ಟಣದಲ್ಲಿ ಮನೆಯ ಮೇಲೆ ಸಣ್ಣ ಕಡ್ಡಿ ಸಾಕು. ಜೇವರ್ಗಿ, ಆಳಂದದ ಕಡೆ ಹೋದಂತೆ ಕೊಳವೆ ಎತ್ತರ ಬೇಕು. ಅಫಜಲಪುರದ ಆಚೆ ಭೀಮೆಯ ದಂಡೆಯ ಹಳ್ಳಿಗೆ ಇನ್ನೂ ಎತ್ತರ. ಊರಿನಲ್ಲಿ ಯಾರ ಮನೆಯಲ್ಲಿ ಟಿ.ವಿ. ಇದೆ ಎಂದು ಹೊಲದಲ್ಲಿ ನಿಂತೇ ಹೇಳಬಹುದಾಗಿತ್ತು. ಉಪಗ್ರಹದ ಕಾಲದಲ್ಲಿ ಎಲ್ಲ ಹಳ್ಳಿಗೂ ಒಂದೇ ಆಗಿದ್ದ ದೂರ, ಗೋಪುರ ಬಂದ ಮೇಲೆ ಮತ್ತೆ ಪಟ್ಟಣಕ್ಕೆ ಹತ್ತಿರ, ಹಳ್ಳಿಗೆ ದೂರ ಎಂದಾಯಿತು.

1982ರ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ, ಬಣ್ಣದ ಚಿತ್ರ. ಮುಂದೆ ಧಾರಾವಾಹಿಗಳು, ಕ್ರಿಕೆಟ್ಟು. ಆ ವರ್ಷಗಳನ್ನು ನೀವೆಲ್ಲ ಬಲ್ಲಿರಿ, ನಾನು ವಿವರಿಸುವುದಿಲ್ಲ. ಜನ ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಒಂದು ನಷ್ಟ ಆಗಲೇ ಶುರುವಾಯಿತು. ಹಳ್ಳಿಯವನಿಗಾಗಿ ಹುಟ್ಟಿದ ಕೇಂದ್ರ ದಿಲ್ಲಿಯ ಚಿತ್ರವನ್ನು ಹಿಡಿದು ಹಾಗೆಯೇ ದಾಟಿಸುವ ಕೇಂದ್ರವಾಯಿತು. ಊರ ಮಾತಿಗೆ ಸಂಜೆಯ ಒಂದಿಷ್ಟು ಹೊತ್ತು ಮಾತ್ರ ಉಳಿಯಿತು. 1994ರಲ್ಲಿ ಕನ್ನಡಕ್ಕೇ ಮೀಸಲಾದ ಉಪಗ್ರಹ ವಾಹಿನಿ ಬಂತು, ಮುಂದೆ ಅದು ‘ಚಂದನ’ ಎಂಬ ಹೆಸರಿನಿಂದ ಮನೆಮಾತಾಯಿತು. ಬೆಂಗಳೂರು ಮತ್ತು ಕಲಬುರಗಿ ಎರಡೂ ಕೇಂದ್ರಗಳು ಅದಕ್ಕೆ ಕಾರ್ಯಕ್ರಮ ಕೊಡುವ ಸ್ಟುಡಿಯೋಗಳಾದವು. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ದೂರದರ್ಶನದ ಸ್ಟುಡಿಯೋ ಎಂದರೆ ನಮ್ಮದು. ಇದನ್ನು ನಾವು ನೆನಪಿಟ್ಟುಕೊಂಡದ್ದು ಕಡಿಮೆ.

ಆ ಸ್ಟುಡಿಯೋದಲ್ಲಿ ಏನು ಆಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಜೇವರ್ಗಿ ಕಡೆಯ ತತ್ವಪದದ ಮೇಳವೊಂದು ಹಾಡಲು ಬಂದಿತ್ತು. ಊರಿನಲ್ಲಿ ಅವರು ಅಮಾವಾಸ್ಯೆಯ ರಾತ್ರಿ ಕೂತರೆ ಏಳುವುದು ಬೆಳಗಿನ ಜಾವಕ್ಕೆ. ಒಂದು ಪದ ಎಷ್ಟು ಹೊತ್ತು ಎಂದು ಯಾರೂ ಎಣಿಸುವುದಿಲ್ಲ. ಕೇಳುವವರು ‘ಇನ್ನೊಮ್ಮಿ’ ಎಂದರೆ ಅದೇ ನುಡಿ ಮತ್ತೆ ಬರುತ್ತದೆ. ಸ್ಟುಡಿಯೋದಲ್ಲಿ ಅವರಿಗೆ ಅರ್ಧ ತಾಸಿಗೂ ಕಡಿಮೆ. ತಂಪು ಗಾಳಿಯ ಕೋಣೆ, ಮೇಲಿಂದ ಬಿಸಿ ಬೆಳಕು. ಏಕತಾರಿ ಹಿಡಿದ ಹಿರಿಯರು ನೆಲದ ಮೇಲೆ ಕೂತರು. ಮುಂದೆ ಇಟ್ಟ ಮೈಕು ಬಾಯಿಗೆ ಸರಿಯಾಗಿತ್ತು, ದಮ್ಮಡಿಯ ಸದ್ದು ಮಾತ್ರ ಅದನ್ನೂ ಮುಳುಗಿಸುತ್ತಿತ್ತು. ಧ್ವನಿ ವಿಭಾಗದವರು ಬಂದು ದಮ್ಮಡಿಯವರನ್ನು ಎರಡು ಮಾರು ಹಿಂದೆ ಕೂರಿಸಿದರು. ಜತೆಯಲ್ಲೇ ಮೊಣಕಾಲು ತಾಗಿಸಿ ಕೂತು ಹಾಡಿ ರೂಢಿಯಾದವರು ದೂರ ಸರಿದ ಕೂಡಲೇ ಲಯ ತಪ್ಪಿತು. ಮತ್ತೆ ಹತ್ತಿರ ಕೂರಿಸಿ, ದಮ್ಮಡಿಗೆ ಬಟ್ಟೆ ಸುತ್ತಿಸಿ, ಮೈಕನ್ನೇ ಓರೆ ಮಾಡಿದರು. ಮೂರು ಕ್ಯಾಮೆರಾ. ಪಕ್ಕದ ಗಾಜಿನ ಕೋಣೆಯಲ್ಲಿ ನಿರ್ಮಾಪಕರು ಮೂರೂ ಚಿತ್ರ ನೋಡುತ್ತ, ‘ಎರಡು ತಗೋರಿ, ಬೆರಳಿಗೆ ಬರ್ರಿ’ ಎನ್ನುತ್ತಿದ್ದರು. ಕೊನೆಯ ನಿಮಿಷಕ್ಕೆ ಫ್ಲೋರ್ ಮ್ಯಾನೇಜರ್ ಬೆರಳು ಮಡಿಸುತ್ತ ನಿಂತರು. ಹಿರಿಯರು ಕಣ್ಣು ಮುಚ್ಚಿದ್ದರು. ಬೆರಳು ಕಾಣಲಿಲ್ಲ. ಪದ ಮುಗಿಯುವ ತನಕ ಟೇಪು ಓಡಲಿ ಎಂದು ಗಾಜಿನ ಕೋಣೆಯಿಂದ ಹೇಳಿದವರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಅಂಥ ತೀರ್ಮಾನವನ್ನು ದೂರದಲ್ಲಿ ಕೂತವರು ಮಾಡಲಾರರು. ಕಡಕೋಳ ಮಡಿವಾಳಪ್ಪನವರ, ಚನ್ನೂರ ಜಲಾಲಸಾಹೇಬರ ಪದಗಳನ್ನು ನಮ್ಮ ಕಡೆ ಲಿಂಗಾಯತರೂ ಹಾಡುತ್ತಾರೆ, ಮುಸಲ್ಮಾನರೂ ಹಾಡುತ್ತಾರೆ. ಮೊಹರಮ್ಮಿನ ರಿವಾಯತ್ ಪದ ಕನ್ನಡದಲ್ಲೇ ಇದೆ. ಆಳಂದದ ಲಾಡ್ಲೆ ಮಶಾಕ ದರ್ಗಾಕ್ಕೆ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಗುಡಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಮ್ಮ ನರೋಣಾದಲ್ಲಿ ಕ್ಷೇಮಲಿಂಗೇಶ್ವರನ ಗುಡಿ ಇದೆ. ತಾಂಡಾಗಳಲ್ಲಿ ಲಂಬಾಣಿ ಹಾಡು, ಗಡಿಯ ಊರುಗಳಲ್ಲಿ ಮರಾಠಿ ಅಭಂಗ. ಇವು ರಾಜ್ಯದ ಇನ್ನೊಂದು ಮೂಲೆಯಲ್ಲಿ ಕೂತವರಿಗೆ ವರ್ಷಕ್ಕೊಮ್ಮೆ ತೋರಿಸುವ ಜಾನಪದ ಆಗಿ ಕಾಣಬಹುದು. ನಮಗೆ ಇದು ದಿನದ ಬದುಕು. ದಿನದ ಬದುಕನ್ನು ದಿನವೂ ತೋರಿಸುವ ಒಂದು ಕೇಂದ್ರ ಬೇಕು ಎನ್ನುವುದು ನನ್ನ ವಾದ.

ಇದಕ್ಕೆ ಗುಜರಾತಿನ ಒಂದು ನಿದರ್ಶನ ಕೊಡುತ್ತೇನೆ. ಸೈಟ್ ಶುರುವಾದ ವರ್ಷವೇ ಇಸ್ರೊ ಖೇಡಾ ಜಿಲ್ಲೆಯ ಪಿಜ್ ಎಂಬ ಊರಿನಲ್ಲಿ ಒಂದು ಸಣ್ಣ ಪ್ರಸಾರ ಯಂತ್ರ ಇಟ್ಟು, ಆ ಒಂದು ಜಿಲ್ಲೆಗೆ ಮಾತ್ರ ಟಿ.ವಿ. ನಡೆಸಿತು. ಅಲ್ಲಿನ ಆಡುಮಾತಿನಲ್ಲೇ ಧಾರಾವಾಹಿ, ಹಳ್ಳಿಯವರೇ ಪಾತ್ರಧಾರಿಗಳು. ಕೂಲಿ ಕೊಡದವರ ಬಗ್ಗೆ, ಅಸ್ಪೃಶ್ಯತೆಯ ಬಗ್ಗೆ ಊರಿನ ಹೆಸರು ಹಿಡಿದೇ ಮಾತು. ಯುನೆಸ್ಕೊದಿಂದ ಅದಕ್ಕೆ ಪ್ರಶಸ್ತಿಯೂ ಬಂತು. 1980ರ ದಶಕದ ನಡುವಿಗೆ, ಅಹಮದಾಬಾದಿನಿಂದ ದೊಡ್ಡ ಗೋಪುರದ ಪ್ರಸಾರ ಬರುತ್ತದೆ, ಇನ್ನು ಇದು ಯಾಕೆ ಎಂದು ಪಿಜ್‌ನ ಪ್ರಸಾರ ಯಂತ್ರ ತೆಗೆದರು. ಊರವರು ಅಡ್ಡ ನಿಂತರೂ ಆಗಲಿಲ್ಲ. ಚಿತ್ರ ಚೆನ್ನಾಗಿ ಬರತೊಡಗಿತು, ಖೇಡಾದ ಮಾತು ಬರುವುದು ನಿಂತಿತು.

ನಮಗೂ ಅಂಥ ಗಳಿಗೆ 2021ರಲ್ಲಿ ಬಂತು. ಹಳೆಯ ಅನಲಾಗ್ ಗೋಪುರಗಳನ್ನು ದೇಶದಾದ್ಯಂತ ಹಂತ ಹಂತವಾಗಿ ನಿಲ್ಲಿಸಲು ಪ್ರಸಾರ ಭಾರತಿ ತೀರ್ಮಾನಿಸಿತು. ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದವನ್ನು 2022ರ ಮಾರ್ಚ್ 31ರೊಳಗೆ ಮುಗಿಸುವುದೆಂದು ಹೇಳಿತು. ಕಲಬುರಗಿ ದೂರದರ್ಶನವನ್ನೇ ಮುಚ್ಚುತ್ತಾರೆಂದು ಸುದ್ದಿ ಹಬ್ಬಿ ನಮ್ಮ ಕಡೆ ದೊಡ್ಡ ಕಳವಳವಾಯಿತು. ಆಗ ಅಕ್ಟೋಬರಿನಲ್ಲಿ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು: ಕೇಂದ್ರ ಮುಚ್ಚುವುದಿಲ್ಲ, ಕಲಬುರಗಿಯಲ್ಲಿ ತಯಾರಾದ ಕಾರ್ಯಕ್ರಮಗಳು ಚಂದನದಲ್ಲಿ ಬರುತ್ತವೆ, ಯೂಟ್ಯೂಬಿನಲ್ಲೂ ಬರುತ್ತವೆ. ಅಸ್ಸಾಮಿನ ಸಿಲ್ಚರ್ ಕೇಂದ್ರದ ಬಗ್ಗೆಯೂ ಇದೇ ಮಾತು.

ಗೋಪುರ ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕೊಳವೆಗೆ ಕಡ್ಡಿ ಕಟ್ಟಿ ಟಿ.ವಿ. ನೋಡುವವರು ನಮ್ಮ ಹಳ್ಳಿಗಳಲ್ಲೂ ಹತ್ತಿರ ಹತ್ತಿರ ಇಲ್ಲವಾಗಿದ್ದರು. ಆ ಯಂತ್ರಗಳು ತಿನ್ನುವ ವಿದ್ಯುತ್ತು ಬಹಳ, ಅವು ಹಿಡಿದಿಟ್ಟ ತರಂಗಾಂತರ ಹೊಸ ಮೊಬೈಲ್ ಸೇವೆಗಳಿಗೆ ಬೇಕಾಗಿತ್ತು. 2004ರಲ್ಲಿ ಶುರುವಾದ ದೂರದರ್ಶನದ ಡಿ.ಟಿ.ಎಚ್., ಈಗಿನ ಫ್ರೀ ಡಿಶ್, ತಿಂಗಳ ಬಾಡಿಗೆ ಇಲ್ಲದೆ ಚಂದನವನ್ನು ಯಾವ ಹಳ್ಳಿಗಾದರೂ ತಲುಪಿಸುತ್ತದೆ. ಸಾರಾಭಾಯಿ ಹೇಳಿದ ಸಮಾನ ದೂರ ಮತ್ತೆ ಸಿಕ್ಕಿದೆ. ನನ್ನ ಚಿಂತೆ ಇರುವುದು ಸ್ಟುಡಿಯೋದ ಬಗ್ಗೆ. ಗೋಪುರ ಇದ್ದಾಗ ಕಲಬುರಗಿಗೆ ಸ್ವಂತದ ಹೊತ್ತು ಇತ್ತು. ದಿಲ್ಲಿ ಬೆಂಗಳೂರಿನ ಪ್ರಸಾರವನ್ನು ಆ ಹೊತ್ತಿಗೆ ತಡೆದು, ತನ್ನದನ್ನು ತನ್ನ ಸೀಮೆಗೆ ಮಾತ್ರ ಬಿಡಬಹುದಾಗಿತ್ತು. ಈಗ ಇಲ್ಲಿ ಮಾಡಿದ ಕಾರ್ಯಕ್ರಮ ಬೆಂಗಳೂರಿಗೆ ಹೋಗಿ, ಇಡೀ ರಾಜ್ಯ ನೋಡುವ ಚಂದನದ ವೇಳಾಪಟ್ಟಿಯಲ್ಲಿ ಜಾಗ ಕೇಳಿ, ದಿಲ್ಲಿಯ ತೋಡಾಪುರದ ಭೂಕೇಂದ್ರದಿಂದ ಉಪಗ್ರಹಕ್ಕೆ ಏರಿ, ಆಮೇಲೆ ನರೋಣಾದ ತಟ್ಟೆಗೆ ಇಳಿಯಬೇಕು. ತಂತ್ರಜ್ಞಾನಕ್ಕೆ ಇದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ವೇಳಾಪಟ್ಟಿಯಲ್ಲಿ ಜಾಗ ಸಿಗುವುದೇ ಕಷ್ಟದ್ದು. ಮಂಗಳೂರಿನವರಿಗೆ, ಮಂಡ್ಯದವರಿಗೆ ಬೇಕಿಲ್ಲದ ತೊಗರಿಯ ಮಾತಿಗೆ ಎಲ್ಲಿ ಹೊತ್ತು ಎಂದು ಅಲ್ಲಿ ಯಾರಾದರೂ ಕೇಳಿದರೆ, ಅವರ ದೃಷ್ಟಿಯಿಂದ ಅದೂ ಸರಿಯೇ.

ನಮ್ಮ ದೃಷ್ಟಿ ಬೇರೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದೇ ತೊಗರಿ ಹೂ ಬಿಡುವ ಹೊತ್ತಿಗೆ ನೆಟೆ ರೋಗಕ್ಕೆ ಹೊಲಕ್ಕೆ ಹೊಲವೇ ಒಣಗಿ ನಿಂತದ್ದನ್ನೂ ನಾವು ಕಂಡಿದ್ದೇವೆ. ನೆಟೆ ಬೇರಿನಿಂದ ಬರುತ್ತದೆ. ಎಲೆಗೆ ಹೊಡೆಯುವ ಎಣ್ಣೆಯಿಂದ ಅದು ಹೋಗುವುದಿಲ್ಲ. ಬೀಜೋಪಚಾರ, ನಿರೋಧಕ ತಳಿ, ಅದೇ ಹೊಲಕ್ಕೆ ವರ್ಷ ವರ್ಷ ತೊಗರಿಯನ್ನೇ ಹಾಕದೆ ಬೆಳೆ ಬದಲಿಸುವುದು, ಇವು ದಾರಿ. ಈ ಮಾತನ್ನು ಬಿತ್ತನೆಗೆ ಮೊದಲೇ, ಮೇ ತಿಂಗಳಲ್ಲೇ, ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ತೋರಿಸಿ, ಆಳಂದದ ಹೊಲದಲ್ಲೇ ನಿಂತು ಹೇಳಬೇಕು. ಒಣಗಿದ ಮೇಲೆ ಡಿಸೆಂಬರಿನಲ್ಲಿ ಸುದ್ದಿಯಾಗಿ ತೋರಿಸುವುದಕ್ಕೆ ಖಾಸಗಿ ವಾಹಿನಿಗಳಿವೆ. ಮೇ ತಿಂಗಳಲ್ಲಿ ತೋರಿಸುವವರು ಸರ್ಕಾರದ ಕೇಂದ್ರವಲ್ಲದೆ ಬೇರೆ ಯಾರಿದ್ದಾರೆ? ಸೈಟ್ ಕಾಲದ ಅಧ್ಯಯನ ಕಲಿಸಿದ್ದೂ ಇದನ್ನೇ. ಮೂರು ಜಿಲ್ಲೆಗೆ ಒಂದೇ ಬೇಸಾಯದ ಮಾತು ಆಗ ಸಲ್ಲಲಿಲ್ಲ. ಈಗ ಮೂವತ್ತೊಂದು ಜಿಲ್ಲೆಗೆ ಒಂದೇ ಮಾತು ಹೇಗೆ ಸಲ್ಲುತ್ತದೆ?

ನಾನು ಕೇಳುವುದು ದೊಡ್ಡದೇನಲ್ಲ. ಚಂದನದಲ್ಲಿ ದಿನಕ್ಕೆ ಒಂದು ಗೊತ್ತಾದ ಹೊತ್ತು, ಅರ್ಧ ತಾಸಾದರೂ, ಕಲಬುರಗಿ ಸ್ಟುಡಿಯೋದ ಹೆಸರಿನಲ್ಲೇ ಇರಲಿ. ಅದು ಮೀಸಲಾಗಿರಲಿ, ಕ್ರಿಕೆಟ್ಟು ಬಂದರೂ ಸಮಾರಂಭ ಬಂದರೂ ಅಲ್ಲಾಡದಿರಲಿ. ಗೊತ್ತಾದ ಹೊತ್ತು ಇಲ್ಲದ ಕಾರ್ಯಕ್ರಮಕ್ಕೆ ನೋಡುಗ ಇರುವುದಿಲ್ಲ. ನೋಡುಗ ಇಲ್ಲ ಎಂದು ಆಮೇಲೆ ಕಾರ್ಯಕ್ರಮವನ್ನೇ ತೆಗೆಯುತ್ತಾರೆ. ಎರಡನೆಯದು, ಖಾಲಿ ಇರುವ ಹುದ್ದೆಗಳಿಗೆ ಇಲ್ಲಿನ ಹುಡುಗ ಹುಡುಗಿಯರನ್ನು ತರಬೇತು ಮಾಡಿ ತೆಗೆದುಕೊಳ್ಳಲಿ. ಸಂವಿಧಾನದ 371 ಜೆ ವಿಧಿಯನ್ನು ಈ ಸೀಮೆಗಾಗಿಯೇ ತಂದದ್ದು. ಅದು ರಾಜ್ಯದ ನೌಕರಿಗೆ ಸಂಬಂಧಿಸಿದ್ದು, ಕೇಂದ್ರದ ದೂರದರ್ಶನಕ್ಕೆ ತಾನಾಗಿ ಅನ್ವಯಿಸುವುದಿಲ್ಲ ಎಂದು ನನಗೆ ಗೊತ್ತು. ಆದರೆ ಅದರ ಹಿಂದಿನ ನ್ಯಾಯ ಇಲ್ಲಿಗೂ ಹೊಂದುತ್ತದೆ. ಕ್ಯಾಮೆರಾ ಹಿಡಿದವರಿಗೆ ‘ರಾಶಿ’ ಎಂದರೆ ಏನು, ‘ಸೀತನಿ’ ತಿನ್ನುವ ದಿನ ಯಾವುದು ಎಂದು ಯಾರೂ ವಿವರಿಸಬೇಕಾಗಿ ಬರಬಾರದು.

ಮೂರನೆಯ ಮಾತು ಹಳೆಯ ಟೇಪುಗಳದ್ದು, ಅದರಲ್ಲಿ ತಡ ಮಾಡುವಂತಿಲ್ಲ. ನಾಲ್ಕು ದಶಕಗಳಿಂದ ಈ ಸೀಮೆಯ ಹಾಡುಗಾರರು, ಬಯಲಾಟದವರು, ಗೀಗೀ ಮೇಳದವರು, ಸ್ವಾತಂತ್ರ್ಯಕ್ಕಾಗಿ, ಹೈದರಾಬಾದ್ ವಿಮೋಚನೆಗಾಗಿ ಹೋರಾಡಿದವರು ದೂರದರ್ಶನದ ಮುಂದೆ ಕೂತು ಹೋಗಿದ್ದಾರೆ. ಅವರಲ್ಲಿ ಬಹಳ ಮಂದಿ ಇಂದಿಲ್ಲ. ಟೇಪಿನ ಮೇಲಿನ ಲೇಪ ಸೆಕೆಗೆ, ತೇವಕ್ಕೆ ಅಂಟುತ್ತದೆ, ಉದುರುತ್ತದೆ. ಅದನ್ನು ಓಡಿಸುವ ಯಂತ್ರಗಳ ಬಿಡಿಭಾಗ ಸಿಗುವುದೂ ವರ್ಷ ವರ್ಷಕ್ಕೆ ಕಷ್ಟವಾಗುತ್ತಿದೆ. ಪ್ರಸಾರ ಭಾರತಿಗೆ ತನ್ನದೇ ಸಂಗ್ರಹಾಗಾರ ಇದೆ, ಡಿಜಿಟಲ್ ಮಾಡುವ ಕೆಲಸವೂ ಅಲ್ಲಿ ನಡೆಯುತ್ತದೆ. ಕಲಬುರಗಿಯಲ್ಲಿ ಉಳಿದಿರುವ ಪ್ರತಿಯೊಂದು ಟೇಪಿನ ಪಟ್ಟಿ ಆಗಲಿ, ಹಾಡಿದವರ ಹೆಸರು, ಊರು ಗೊತ್ತಿರುವ ಹಿರಿಯರು ಬದುಕಿರುವಾಗಲೇ ಬರೆದುಕೊಳ್ಳಲಿ. ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ಮತ್ತು ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಸಿಗಲಾರದು.

ಆಳಂದ, ಅಫಜಲಪುರ, ಜೇವರ್ಗಿಯ ಕೇಳುಗರಿಗೆ ನನ್ನ ಒಂದು ವಿನಂತಿ. 1975-76ರಲ್ಲಿ ನಿಮ್ಮ ಊರಿನ ಸಾಲಿಯಲ್ಲಿ, ಪಂಚಾಯಿತಿಯಲ್ಲಿ ಆ ಜಾಳಿಗೆಯ ಆಂಟೆನಾ ಇತ್ತೇ ಎಂದು ಮನೆಯ ಹಿರಿಯರನ್ನು ಕೇಳಿರಿ. ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇರುತ್ತಿತ್ತು, ಏನು ನೋಡಿದ ನೆನಪಿದೆ, ಹೆಂಗಸರು ಎಲ್ಲಿ ಕೂಡುತ್ತಿದ್ದರು, ಎಲ್ಲ ಕೇರಿಯವರೂ ಒಟ್ಟಿಗೆ ಕೂಡುತ್ತಿದ್ದರೇ, ಕೇಳಿ ಬರೆದುಕೊಳ್ಳಿರಿ. ಆಗ ಹತ್ತು ವರ್ಷದವರಾಗಿದ್ದವರು ಈಗ ಅರುವತ್ತರ ಸುತ್ತಮುತ್ತ ಇದ್ದಾರೆ. ಬರೆದದ್ದನ್ನು ಕಲಬುರಗಿಯ ದೂರದರ್ಶನ ಕೇಂದ್ರಕ್ಕೆ ಕಳಿಸಿರಿ. ಅದರ ಜತೆಗೇ, ನಿಮ್ಮ ಗ್ರಾಮ ಪಂಚಾಯಿತಿಯ ಠರಾವಿನೊಂದಿಗೆ, ಚಂದನದಲ್ಲಿ ನಮಗೊಂದು ಗೊತ್ತಾದ ಹೊತ್ತು ಬೇಕೆಂದೂ ಬರೆಯಿರಿ.